ಪವರ್ ಬ್ಯಾಂಕ್ ಕೊಳ್ಳೋ ಮುಂಚೆ ತೂಗಿ ನೋಡಿ: ಪುತ್ರಜಯಾದಲ್ಲಿ ಕಲಿತ ಪಾಠ

(ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡೋಣ. ಈ ಸಂಚಿಕೆಯನ್ನ ಬಸ್ಸಲ್ಲೋ ರೈಲಲ್ಲೋ ಕೇಳ್ತಿದ್ದರೆ, ಅದು ಈಗ ನಿಮ್ಮ ಬ್ಯಾಗಿನಲ್ಲೇ ಇರಬಹುದು. ಪವರ್ ಬ್ಯಾಂಕ್. ಪ್ರವಾಸಕ್ಕೆ ಹೊರಡೋವಾಗ, ಕಡಿಮೆ ದುಡ್ಡಿನಲ್ಲಿ, ನಂಬಬಹುದಾದ ಒಂದು ಪವರ್ ಬ್ಯಾಂಕ್ ಆರಿಸೋದು ಹೇಗೆ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ ಅಂತಲೇ ಅಂದುಕೊಂಡಿದ್ದೆ. ಗೊತ್ತಿಲ್ಲ ಅನ್ನೋದು ತಿಳಿದದ್ದು ಮಲೇಷ್ಯಾದ ಪುತ್ರಜಯಾದಲ್ಲಿ, ಸಂಜೆ ಏಳೂವರೆಗೆ, ಅಮ್ಮನ ಜೊತೆ ರಸ್ತೆ ಪಕ್ಕ ನಿಂತಿದ್ದಾಗ.

ಮೊದಲು ಊರಿನ ಬಗ್ಗೆ ಎರಡು ಮಾತು. ಪುತ್ರಜಯಾ ಅನ್ನೋ ಹೆಸರು ಕನ್ನಡದ ಕಿವಿಗೆ ಹೊಸದಲ್ಲ. ಪುತ್ರ, ಜಯ, ಎರಡೂ ಸಂಸ್ಕೃತದಿಂದ ಮಲಯ ಭಾಷೆಗೆ ಹೋದ ಪದಗಳು. ದೇಶದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ ಅವರ ನೆನಪಿಗೆ ಇಟ್ಟ ಹೆಸರು ಇದು. ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ತೋಟಗಳಿದ್ದ ಜಾಗದಲ್ಲಿ ನಕ್ಷೆ ಹಾಕಿ ಕಟ್ಟಿದ ಆಡಳಿತ ನಗರ. ಪ್ರಧಾನಿಯವರ ಕಚೇರಿ 1999ರಲ್ಲಿ ಇಲ್ಲಿಗೆ ಬಂತು. 2001ರ ಫೆಬ್ರವರಿ 1ರಂದು ಇದನ್ನ ಒಕ್ಕೂಟ ಪ್ರದೇಶ ಅಂತ ಘೋಷಿಸಿದರು. ಮನುಷ್ಯರೇ ಮಾಡಿದ ದೊಡ್ಡ ಸರೋವರ, ಅದರ ದಡದಲ್ಲಿ ಗುಲಾಬಿ ಬಣ್ಣದ ಪುತ್ರ ಮಸೀದಿ, ಒಂದಕ್ಕಿಂತ ಒಂದು ಚೆಂದದ ಸೇತುವೆಗಳು. ನೋಡೋಕೆ ಬಹಳ ಚೆನ್ನಾಗಿದೆ. ಆದರೆ ಎಲ್ಲವೂ ದೂರ ದೂರ. ಪೆರ್ಸಿಯಾರಾನ್ ಪೆರ್ದಾನಾ ಅನ್ನೋ ಮುಖ್ಯ ರಸ್ತೆ ಒಂದೇ ನಾಲ್ಕು ಕಿಲೋಮೀಟರಿಗಿಂತ ಉದ್ದ. ನಮ್ಮೂರಲ್ಲಿ ಹಾಗೆ ಕೈ ಬೀಸಿದರೆ ಆಟೋ ನಿಲ್ಲುತ್ತೆ ಅಂತ ಅಲ್ಲಿ ಅಂದುಕೊಳ್ಳೋ ಹಾಗಿಲ್ಲ. ಓಡಾಟ ಅಂದ್ರೆ ಗ್ರ್ಯಾಬ್ ಆ್ಯಪ್, ದಾರಿ ಅಂದ್ರೆ ಮ್ಯಾಪ್, ಊಟಕ್ಕೆ ದುಡ್ಡು ಕೊಡೋದೂ ಫೋನಿನಿಂದಲೇ. ಫೋನ್ ಇದ್ದರೆ ಊರೆಲ್ಲ ನಿಮ್ಮದು.

ನಮ್ಮ ಅಕ್ಕ, ಭಾವ ಇರೋದು ಪಕ್ಕದ ಸೈಬರ್‌ಜಯಾದಲ್ಲಿ. ನಾನು, ಅಮ್ಮ ಬೆಂಗಳೂರಿನಿಂದ ಹೋಗಿದ್ವಿ. ಹೊರಡೋ ಹಿಂದಿನ ದಿನ ಫುಟ್‌ಪಾತ್ ಅಂಗಡಿಯೊಂದರಲ್ಲಿ ಒಂದು ಪವರ್ ಬ್ಯಾಂಕ್ ತಗೊಂಡೆ. ಮೇಲೆ ದಪ್ಪಕ್ಷರದಲ್ಲಿ 30000 ಎಂಎಎಚ್ ಅಂತ ಬರೆದಿತ್ತು. ಬೆಲೆ ಆರು ನೂರು ಹೇಳಿದ, ನಾಲ್ಕೂವರೆ ನೂರಕ್ಕೆ ಇಳಿಸಿದೆ. ಎಂಥಾ ಚೌಕಾಸಿ ಅಂತ ನನ್ನ ಬೆನ್ನನ್ನ ನಾನೇ ತಟ್ಟಿಕೊಂಡೆ.

ಅಲ್ಲಿ ಮೂರನೇ ದಿನ ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾವಿಬ್ಬರೇ ಪುತ್ರಜಯಾ ಸುತ್ತೋಕೆ ಹೊರಟ್ವಿ. ಅಮ್ಮನ ಫೋನಿಗೆ ಅಲ್ಲಿನ ಸಿಮ್ ಹಾಕಿಸಿರಲಿಲ್ಲ, ಅದು ಫೋಟೊ ತೆಗೆಯೋಕೆ ಮಾತ್ರ. ಮಧ್ಯಾಹ್ನ ಅದನ್ನ ಸ್ವಲ್ಪ ಚಾರ್ಜ್ ಮಾಡಿದೆ. ಆಮೇಲೆ ನನ್ನದನ್ನ ಚುಚ್ಚಿದೆ. ಪವರ್ ಬ್ಯಾಂಕಿನ ನಾಲ್ಕೂ ದೀಪ ಉರೀತಿದ್ದವು. ನನ್ನ ಫೋನ್ 40 ಪರ್ಸೆಂಟ್ ದಾಟೋ ಹೊತ್ತಿಗೆ ನಾಲ್ಕೂ ದೀಪ ಒಟ್ಟಿಗೇ ಆರಿಹೋದವು. ಮೂರು, ಎರಡು, ಒಂದು ಅಂತ ಇಳಿಯಲೇ ಇಲ್ಲ. ಸರೋವರದ ದಡ, ಮಸೀದಿ, ಸೇತುವೆ, ವಿಡಿಯೋ. ಏಳೂವರೆಗೆ ಕತ್ತಲಾಯಿತು. ಗ್ರ್ಯಾಬ್ ತೆರೆದೆ, ಫೋನ್ ಆಫ್ ಆಯಿತು.

ಅಕ್ಕನ ಮನೆ ವಿಳಾಸ ಫೋನಿನಲ್ಲಿ. ಅಕ್ಕನ ನಂಬರ್ ಫೋನಿನಲ್ಲಿ. ನನಗೆ ಬಾಯಿಪಾಠ ಇದ್ದದ್ದು ಊರಿನ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್ ಒಂದೇ. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಅಮ್ಮನಿಗೆ ಮಂಡಿನೋವು, ರಾತ್ರಿ ಎಂಟಕ್ಕೆ ತಗೊಳ್ಳೋ ಮಾತ್ರೆ ಅಕ್ಕನ ಮನೆಯಲ್ಲಿದೆ. ನಾನು ಬೆವರೊರೆಸಿಕೊಳ್ತಾ ನಿಂತಿದ್ದೆ. ಅಮ್ಮ ಏನೂ ಮಾತಾಡದೆ ಪರ್ಸ್ ತೆಗೆದು, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಕೈಗಿಟ್ಟಳು. ಅಕ್ಕನ ನಂಬರ್, ಭಾವನ ನಂಬರ್, ಮನೆ ವಿಳಾಸ, ನೀಲಿ ಪೆನ್ನಿನಲ್ಲಿ. ಪಕ್ಕದ ಫುಡ್ ಕೋರ್ಟಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಹೆಂಗಸೊಬ್ಬರು ನಾನು ಅರ್ಧ ಸನ್ನೆಯಲ್ಲಿ ಕೇಳಿದ್ದಕ್ಕೆ "ಬೋಲೆ, ಬೋಲೆ" ಅಂತ ತಮ್ಮ ಫೋನ್ ಕೊಟ್ಟರು. ಆಗಬಹುದು ಅಂತ ಅರ್ಥ. ಇಪ್ಪತ್ತೈದು ನಿಮಿಷದಲ್ಲಿ ಭಾವ ಕಾರ್ ತಂದರು.

ಅಡುಗೆಮನೆ ತಕ್ಕಡಿಯ ಪಾಠ

ಭಾವ ಎಲೆಕ್ಟ್ರಾನಿಕ್ಸ್ ಓದಿದವರು. ಊಟ ಆದಮೇಲೆ ನನ್ನ ಪವರ್ ಬ್ಯಾಂಕನ್ನ ಕೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಆಡಿಸಿದರು. "ಏನಪ್ಪಾ, ಇದು ಇಷ್ಟು ಹಗುರ?" ಅಂದರು. ಅಕ್ಕ ಹಿಟ್ಟು ತೂಗೋ ಡಿಜಿಟಲ್ ತಕ್ಕಡಿ ತಂದು ಅದರ ಮೇಲೆ ಇಟ್ಟರು. 190 ಗ್ರಾಂ.

"30000 ಎಂಎಎಚ್ ಅಂದ್ರೆ ಎಷ್ಟು ವಾಟ್-ಅವರ್, ಹೇಳು ನೋಡೋಣ" ಅಂದರು. ನಾನು ಸುಮ್ಮನಿದ್ದೆ. ಇಲ್ಲೇ ನೋಡಿ ನಾವೆಲ್ಲ ಮೋಸ ಹೋಗೋದು. ಇದನ್ನ ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ.

ಎಂಎಎಚ್ ಅಂದ್ರೆ ಮಿಲಿ ಆಂಪಿಯರ್ ಅವರ್. ಅದು ಎಷ್ಟು ವಿದ್ಯುದಾವೇಶ ಇದೆ ಅನ್ನೋ ಲೆಕ್ಕ. ಮನೆಯ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಎಂಎಎಚ್ ಅಂದ್ರೆ ಎಷ್ಟು ಬಿಂದಿಗೆ ನೀರಿದೆ ಅನ್ನೋದು. ವೋಲ್ಟೇಜ್ ಅಂದ್ರೆ ಆ ನೀರು ಎಷ್ಟು ಎತ್ತರದಲ್ಲಿದೆ ಅನ್ನೋದು. ನೀರಿನಿಂದ ಎಷ್ಟು ಕೆಲಸ ಆಗುತ್ತೆ ಅಂತ ಹೇಳಬೇಕಾದರೆ ಎರಡೂ ಗೊತ್ತಿರಬೇಕು. ಬಿಂದಿಗೆಯನ್ನ ಎತ್ತರದಿಂದ ಗುಣಿಸಿದರೆ ಬರೋದು ಶಕ್ತಿ. ಅದೇ ವಾಟ್-ಅವರ್.

ಪವರ್ ಬ್ಯಾಂಕ್ ಒಳಗಿರೋ ಲಿಥಿಯಂ-ಅಯಾನ್ ಸೆಲ್ ಸರಾಸರಿ 3.7 ವೋಲ್ಟ್ ಕೊಡುತ್ತೆ. 10000 ಎಂಎಎಚ್ ಅಂದ್ರೆ 10 ಆಂಪಿಯರ್ ಅವರ್. ಅದನ್ನ 3.7ರಿಂದ ಗುಣಿಸಿ: 37 ವಾಟ್-ಅವರ್. 20000 ಆದರೆ 74. ಈಗ, ಯುಎಸ್‌ಬಿ ಕಿಂಡಿಯಿಂದ ಹೊರಗೆ ಬರಬೇಕಾದದ್ದು ಕನಿಷ್ಠ 5 ವೋಲ್ಟ್. ಅಂದ್ರೆ 3.7 ಅಡಿ ಎತ್ತರದಲ್ಲಿರೋ ನೀರನ್ನ 5 ಅಡಿಗೆ ಏರಿಸಬೇಕು. ಶಕ್ತಿ ಅಷ್ಟೇ ಇರೋದರಿಂದ ಬಿಂದಿಗೆಗಳ ಸಂಖ್ಯೆ ಇಳಿಯಲೇಬೇಕು. 37 ಭಾಗಿಸು 5, ಅಂದ್ರೆ 7400 ಎಂಎಎಚ್. ಮೇಲಕ್ಕೆ ಏರಿಸೋ ಸರ್ಕ್ಯೂಟ್ ತಾನೂ ಒಂದಿಷ್ಟು ಶಕ್ತಿಯನ್ನ ಬಿಸಿ ಮಾಡಿ ಕಳೆಯುತ್ತೆ. ಚಾರ್ಜ್ ಮಾಡೋವಾಗ ಪವರ್ ಬ್ಯಾಂಕ್ ಬೆಚ್ಚಗಾಗೋದು ಇದಕ್ಕೇ. ಕೊನೆಗೆ ಕೈಗೆ ಸಿಗೋದು ಸುಮಾರು 6000.

ಹಾಗಾದರೆ ಕಂಪನಿಗಳೆಲ್ಲ ಸುಳ್ಳು ಹೇಳ್ತವಾ? ಇಲ್ಲ. ಮರ್ಯಾದಸ್ಥ ಕಂಪನಿ ಎರಡನ್ನೂ ಬರೆದಿರುತ್ತೆ. ದಪ್ಪಕ್ಷರದಲ್ಲಿ 10000, ಹಿಂಬದಿಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಅಂತ 5500ರಿಂದ 6500ರ ಒಳಗೆ ಒಂದು ಸಂಖ್ಯೆ, ಜೊತೆಗೆ ವಾಟ್-ಅವರ್. ಆ ಸಣ್ಣಕ್ಷರದ ಸಂಖ್ಯೆಯೇ ನಿಮಗೆ ಸಿಗೋದು. ಕನ್ನಡಕ ಹಾಕಿಕೊಂಡು ಅದನ್ನ ಹುಡುಕಿ. ಅದು ಇಲ್ಲವೇ ಇಲ್ಲ ಅಂದ್ರೆ ಅಲ್ಲಿಗೇ ಕೆಳಗಿಟ್ಟುಬಿಡಿ.

ಇನ್ನು ಭಾವನ ತಕ್ಕಡಿಗೆ ಬರೋಣ. ಇವತ್ತಿನ ಒಳ್ಳೆಯ ಲಿಥಿಯಂ-ಅಯಾನ್ ಸೆಲ್‌ಗಳಲ್ಲಿ ಒಂದು ಕಿಲೋ ತೂಕಕ್ಕೆ ಹೆಚ್ಚುಕಡಿಮೆ 250 ವಾಟ್-ಅವರ್ ತುಂಬಬಹುದು. ಅಗ್ಗದ ಮಾಲಿನಲ್ಲಿ ಅದಕ್ಕಿಂತ ಕಡಿಮೆಯೇ. ನನ್ನದು 30000 ಅಂದ್ರೆ 111 ವಾಟ್-ಅವರ್. ಅದಕ್ಕೆ ಬರೀ ಸೆಲ್ಲುಗಳೇ 440 ಗ್ರಾಂ ತೂಗಬೇಕು. ತಕ್ಕಡಿ ತೋರಿಸಿದ್ದು ಡಬ್ಬಿ, ಸರ್ಕ್ಯೂಟ್, ಎಲ್ಲ ಸೇರಿ 190. ಡಬ್ಬಿಗೆ 60 ಗ್ರಾಂ ಕಳೆದರೆ ಉಳಿದದ್ದು 130 ಗ್ರಾಂ. ಅತ್ಯುತ್ತಮ ಸೆಲ್ ಅಂತ ಉದಾರವಾಗಿ ಲೆಕ್ಕ ಹಾಕಿದರೂ 32 ವಾಟ್-ಅವರ್. ಅಂದ್ರೆ 9000 ಎಂಎಎಚ್ ಕೂಡ ಇಲ್ಲ. ಮೂವತ್ತು ಸಾವಿರ ಅಂತ ಬೋರ್ಡು!

ಭಾವ ಆಗ ಹೇಳಿದ ಒಂದು ಮಾತು ಮರೆಯೋ ಹಾಗಿಲ್ಲ. "ನೋಡು, ಇದರ ಮೇಲೆ ಬರೆದಿರೋದು ನಿಜ ಆದ್ರೆ ಕೇಳದೆ ವಿಮಾನ ಹತ್ತಿಸೋ ಹಾಗಿಲ್ಲ. ಸುಳ್ಳಾದ್ರೆ ಹತ್ತಿಸಿ ಪ್ರಯೋಜನ ಇಲ್ಲ."

ವಿಮಾನದಲ್ಲಿ ಯಾಕೆ ಇಷ್ಟು ಕಟ್ಟುನಿಟ್ಟು

ಭಾವ ಹೇಳಿದ್ದು ಅಂತಾರಾಷ್ಟ್ರೀಯ ವಿಮಾನಯಾನದ ನಿಯಮ. ಪವರ್ ಬ್ಯಾಂಕನ್ನ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತೆಯೇ ಇಲ್ಲ, ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್ ತನಕ ವಿಮಾನ ಕಂಪನಿಯ ಅನುಮತಿ ಬೇಡ. 100ರಿಂದ 160ರ ತನಕ ಅನುಮತಿ ಬೇಕು. 160 ದಾಟಿದರೆ ಪ್ರಯಾಣಿಕರು ಒಯ್ಯುವಂತಿಲ್ಲ. 20000 ಎಂಎಎಚ್ ಅಂದ್ರೆ 74, ಅದಕ್ಕೆ ತೊಂದರೆ ಇಲ್ಲ. 27000 ಅಂದ್ರೆ 99.9, ಗೆರೆಯ ಮೇಲೆ ನಿಂತ ಹಾಗೆ. ಮಾರುಕಟ್ಟೆಯಲ್ಲಿ ಈ ಬೆಸ ಅಳತೆ ಯಾಕೆ ಸಿಗುತ್ತೆ ಅಂತ ಈಗ ಗೊತ್ತಾಯ್ತಲ್ಲ!

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್ ನಗರದ ಗಿಮ್‌ಹೇ ವಿಮಾನ ನಿಲ್ದಾಣದಲ್ಲಿ, ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದ 176 ಜನರೂ ಜೀವ ಉಳಿಸಿಕೊಂಡು ಹೊರಬಂದರು, ವಿಮಾನ ಸುಟ್ಟುಹೋಯಿತು. ತಲೆ ಮೇಲಿನ ಲಗೇಜ್ ಗೂಡಿನಲ್ಲಿದ್ದ ಪವರ್ ಬ್ಯಾಂಕ್ ಕಾರಣ ಇರಬಹುದು ಅಂತ ತನಿಖೆಯವರು ಮಾರ್ಚ್‌ನಲ್ಲಿ ಹೇಳಿದರು. ಅದೇ ಏಪ್ರಿಲ್ 1ರಿಂದ ಮಲೇಷ್ಯಾ ಏರ್‌ಲೈನ್ಸ್, ಏರ್‌ಏಷ್ಯಾ ಎರಡೂ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸೋದನ್ನ ನಿಲ್ಲಿಸಿದವು. ಮೇಲಿನ ಗೂಡಿನಲ್ಲೂ ಇಡಬಾರದು, ಕಣ್ಣಿಗೆ ಬೀಳೋ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಯಾಕೆ ಕಣ್ಣಿಗೆ ಬೀಳಬೇಕು? ಸೆಲ್ಲಿನೊಳಗೆ ಎರಡು ಧ್ರುವಗಳ ಮಧ್ಯೆ ಕೂದಲೆಳೆಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪರದೆ ಇರುತ್ತೆ. ಸುತ್ತಲೂ ಹತ್ತಿಕೊಂಡು ಉರಿಯೋ ದ್ರವ. ಕಳಪೆ ತಯಾರಿಕೆಯಿಂದಲೋ, ಬಿದ್ದು ಜಜ್ಜಿಯೋ, ಮಿತಿಮೀರಿ ಚಾರ್ಜ್ ಆಗಿಯೋ ಆ ಪರದೆ ಹರಿದರೆ ಒಳಗೇ ಶಾರ್ಟ್ ಆಗುತ್ತೆ. ಬಿಸಿ ಏರುತ್ತೆ. ಆ ಬಿಸಿಗೆ ಒಳಗಿನ ರಾಸಾಯನಿಕಗಳು ಒಡೆದು ಇನ್ನಷ್ಟು ಬಿಸಿ ಹುಟ್ಟಿಸ್ತವೆ. ಒಂದು ಸೆಲ್ ಪಕ್ಕದ ಸೆಲ್ಲಿಗೆ ಹಚ್ಚುತ್ತೆ. ಹೊಗೆ ಕಂಡ ಮೊದಲ ನಿಮಿಷದಲ್ಲೇ ನೀರು ಹುಯ್ದು ತಣ್ಣಗೆ ಮಾಡಿದರೆ ತಡೆಯಬಹುದು. ಮುಚ್ಚಿದ ಗೂಡಿನಲ್ಲಿದ್ದರೆ ಗೊತ್ತಾಗೋಷ್ಟರಲ್ಲಿ ತಡ ಆಗಿರುತ್ತೆ.

ಈಗ ಅಗ್ಗದ ಸುಳ್ಳಿನ ಇನ್ನೊಂದು ಮುಖ ನೋಡಿ. ಸಂಖ್ಯೆಯಲ್ಲಿ ಸುಳ್ಳು ಹೇಳಿದವನು ಸೆಲ್ಲಿನಲ್ಲೂ ಉಳಿಸಿರುತ್ತಾನೆ, ಮಿತಿಮೀರಿ ಚಾರ್ಜ್ ಆಗದಂತೆ ತಡೆಯೋ ಸರ್ಕ್ಯೂಟಿನಲ್ಲೂ ಉಳಿಸಿರುತ್ತಾನೆ. ನನ್ನ ನಾಲ್ಕು ದೀಪ ಒಟ್ಟಿಗೇ ಆರಿದ್ದು ನೆನಪಿದೆಯಾ? ಒಳಗಿನ ಚಾರ್ಜ್ ಎಷ್ಟಿದೆ ಅಂತ ಅಳೆಯೋ ವ್ಯವಸ್ಥೆಯನ್ನೇ ಅದು ನೆಟ್ಟಗೆ ಮಾಡ್ತಿರಲಿಲ್ಲ. ಅಂಥದ್ದನ್ನ ಅಮ್ಮನ ಸೀಟಿನ ಕೆಳಗೆ ಇಟ್ಟುಕೊಂಡು ನಾಲ್ಕು ಗಂಟೆ ಸಮುದ್ರದ ಮೇಲೆ ಹಾರಿದ್ದೆ.

ಹಾಗಾದರೆ ಯಾವುದನ್ನ ಕೊಳ್ಳೋದು

ಮೊದಲು ನಿಮಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಈಗಿನ ಸಾಮಾನ್ಯ ಫೋನಿನ ಬ್ಯಾಟರಿ 5000 ಎಂಎಎಚ್, ಅಂದ್ರೆ ಸುಮಾರು 19 ವಾಟ್-ಅವರ್. ಕೇಬಲ್, ಫೋನಿನೊಳಗಿನ ನಷ್ಟ ಸೇರಿಸಿ 22 ಅಂತ ಇಟ್ಟುಕೊಳ್ಳಿ. 10000ದ ಪ್ರಾಮಾಣಿಕ ಪವರ್ ಬ್ಯಾಂಕ್ ಹೊರಗೆ ಕೊಡೋದು ಸುಮಾರು 31. ಅಂದ್ರೆ ಫೋನ್ ಒಂದು ಸಲ ಪೂರ್ತಿ, ಇನ್ನೊಂದು ಸಲ ಅರ್ಧಕ್ಕೆ ಹತ್ತಿರ. ಬೆಳಿಗ್ಗೆ ಹೊರಟು ರಾತ್ರಿ ರೂಮಿಗೆ ವಾಪಸ್ ಬರೋ ಪ್ರವಾಸಿಗೆ ಇಷ್ಟು ಸಾಕು. ಮೂರು ನಾಲ್ಕು ಜನರ ಮನೆಮಂದಿಗೆ, ಅಥವಾ ರಾತ್ರಿಯೂ ಪ್ಲಗ್ ಸಿಗದ ಚಾರಣಕ್ಕೆ 20000. ನಮ್ಮಲ್ಲಿ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯ ಒಳಗೆ ಒಳ್ಳೆಯ 10000 ಸಿಗುತ್ತೆ. ಅಷ್ಟೇ ದುಡ್ಡಿಗೆ ಯಾರಾದರೂ 40000, 50000 ಕೊಡ್ತೀನಿ ಅಂದ್ರೆ ತಕ್ಕಡಿ ಕೇಳಿ.

ತಕ್ಕಡಿಯ ಲೆಕ್ಕವನ್ನ ಹೀಗೆ ನೆನಪಿಟ್ಟುಕೊಳ್ಳಿ. 10000ದ ಒಳ್ಳೆಯ ಪವರ್ ಬ್ಯಾಂಕ್ ಸಾಮಾನ್ಯವಾಗಿ 180ರಿಂದ 250 ಗ್ರಾಂ. 20000 ಅಂದ್ರೆ 350 ಗ್ರಾಂ ಆಸುಪಾಸು ಅಥವಾ ಹೆಚ್ಚು. ಆನ್‌ಲೈನಲ್ಲಿ ತಗೊಳ್ಳೋದಾದರೆ ವಿವರದಲ್ಲಿ ತೂಕ ಬರೆದಿರುತ್ತೆ, ನೋಡಿ. ತೂಕ ಜಾಸ್ತಿ ಇದ್ದ ಮಾತ್ರಕ್ಕೆ ಮಾಲು ಒಳ್ಳೆಯದು ಅಂತ ಹೇಳೋಕಾಗಲ್ಲ, ಒಳಗೆ ಮರಳು ತುಂಬಿದವರೂ ಇದ್ದಾರೆ. ಆದರೆ ತೂಕ ಕಡಿಮೆ ಇದ್ದರೆ ಸುಳ್ಳು ಅನ್ನೋದು ಖಂಡಿತ.

ಎರಡನೆಯದು ಗುರುತು. ಭಾರತದಲ್ಲಿ ಮಾರೋ ಪವರ್ ಬ್ಯಾಂಕಿಗೆ ಬಿಐಎಸ್ ನೋಂದಣಿ ಕಡ್ಡಾಯ. ಹಿಂಬದಿಯಲ್ಲಿ ಮಾನಕದ ಸಂಖ್ಯೆ, "ಆರ್" ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಅನ್ನೋ ಉಚಿತ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತೆ. ಅಂಗಡಿ ಮುಂದೆ ನಿಂತೇ ನೋಡಬಹುದು. ಅಂಗಡಿಯವನು ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ದೊಡ್ಡ ಹೆಸರು ಇದ್ದರೆ ಭಯ ಇಲ್ಲವಾ? ಹಾಗೂ ಹೇಳೋಕಾಗಲ್ಲ. 2025ರ ಜೂನ್‌ನಲ್ಲಿ ಆ್ಯಂಕರ್ ಕಂಪನಿ ಬೆಂಕಿಯ ಅಪಾಯದಿಂದಾಗಿ ಅಮೆರಿಕದಲ್ಲಿ ಮಾರಿದ್ದ ತನ್ನ ಒಂದು 10000 ಎಂಎಎಚ್ ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನ ವಾಪಸ್ ಕರೆಸಿಕೊಂಡಿತು. ಇದರಿಂದ ನಾವು ಕಲಿಯಬೇಕಾದದ್ದು ಏನಂದ್ರೆ, ಮಾದರಿ ಸಂಖ್ಯೆ, ಸೀರಿಯಲ್ ನಂಬರ್ ಇರೋ ವಸ್ತುವಿನಲ್ಲಿ ತಪ್ಪಾದರೆ ಕರೆದು ಹೇಳೋಕೆ ಒಬ್ಬರು ಇರ್ತಾರೆ. ನನ್ನ ನಾಲ್ಕೂವರೆ ನೂರರ ಡಬ್ಬಿಗೆ ಯಾರನ್ನ ಕೇಳಲಿ? ಹಾಗಾಗಿ ಬಿಲ್ ತಗೊಳ್ಳಿ, ಡಬ್ಬಿಯ ಹಿಂಬದಿಯ ಒಂದು ಫೋಟೊ ಇಟ್ಟುಕೊಳ್ಳಿ.

ಮೂರನೆಯದು ವೇಗ. ಯುಎಸ್‌ಬಿ-ಸಿ ಕಿಂಡಿ ಇದ್ದು, ಅದರಲ್ಲೇ ಒಳಗೂ ಹೊರಗೂ ಚಾರ್ಜ್ ಆಗುವಂಥದ್ದನ್ನ ತಗೊಳ್ಳಿ. ಒಂದೇ ಕೇಬಲ್ ಸಾಕಾಗುತ್ತೆ. ಫೋನಿಗೆ 18ರಿಂದ 22 ವಾಟ್ ಇದ್ದರೆ ಸಾಕು. 65 ವಾಟ್ ಬೇಕಾಗೋದು ಲ್ಯಾಪ್‌ಟಾಪ್‌ಗೆ, ಅದಕ್ಕೆ ಸುಮ್ಮನೆ ದುಡ್ಡು ಹಾಕಬೇಡಿ. ಪವರ್ ಬ್ಯಾಂಕ್ ತಾನು ತುಂಬಿಕೊಳ್ಳೋ ವೇಗವನ್ನೂ ನೋಡಿ. 10 ವಾಟ್‌ನಲ್ಲಿ ತುಂಬೋದಾದರೆ 10000ಕ್ಕೆ ನಾಲ್ಕು ಗಂಟೆಗೂ ಹೆಚ್ಚು. ರಾತ್ರಿ ತಡವಾಗಿ ಬಂದು ಬೆಳಿಗ್ಗೆ ಬೇಗ ಹೊರಡೋ ಪ್ರವಾಸದಲ್ಲಿ ಇದು ಲೆಕ್ಕಕ್ಕೆ ಬರುತ್ತೆ.

ಬೇಡದ್ದೂ ಒಂದಿದೆ. ಬೆನ್ನಿಗೆ ಸೌರ ಫಲಕ ಅಂಟಿಸಿದ ಪವರ್ ಬ್ಯಾಂಕ್. ಅಂಗೈಯಗಲದ ಫಲಕ, ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಕೊಡೋದು ಹೆಚ್ಚೆಂದರೆ 2 ವಾಟ್. 37 ವಾಟ್-ಅವರ್ ತುಂಬೋಕೆ ಅಂಥಾ ಬಿಸಿಲು 18 ಗಂಟೆಗೂ ಹೆಚ್ಚು ಬೇಕು. ಅಂದ್ರೆ ಮೂರ್ನಾಲ್ಕು ದಿನ. ಅಷ್ಟರಲ್ಲಿ ಬಿಸಿಲಿಗೆ ಕಾದು ಬ್ಯಾಟರಿಯೇ ಹಾಳಾಗುತ್ತೆ.

ಬಿಸಿ ಅಂದಮೇಲೆ ಒಂದು ಎಚ್ಚರಿಕೆ. ಪುತ್ರಜಯಾ ಭೂಮಧ್ಯರೇಖೆಯಿಂದ ಮೂರು ಡಿಗ್ರಿಯಷ್ಟೇ ಉತ್ತರಕ್ಕಿದೆ, ವರ್ಷವಿಡೀ ಮಧ್ಯಾಹ್ನ 32-33 ಡಿಗ್ರಿ. ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆ ಅದಕ್ಕಿಂತ ಜೋರು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಹೊಟ್ಟೆ ಉಬ್ಬಿಕೊಂಡಿದ್ದರೆ ಒಳಗೆ ಅನಿಲ ತುಂಬಿದೆ ಅಂತ ಅರ್ಥ. ಅದನ್ನ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ. ತಿಂಗಳುಗಟ್ಟಲೆ ಬಳಸದೆ ಇಡೋದಾದರೆ ಅರ್ಧ ಚಾರ್ಜ್ ಮಾಡಿ ಇಡಿ.

ಮಲೇಷ್ಯಾಗೆ ಹೋಗೋರಿಗೆ ಇನ್ನೊಂದು ಮಾತು. ಅಲ್ಲಿನ ಪ್ಲಗ್ ಬ್ರಿಟನ್ನಿನ ಮಾದರಿಯದ್ದು, ಮೂರು ಚಪ್ಪಟೆ ಪಿನ್. ನಮ್ಮ ಉರುಟು ಪಿನ್ ಹೋಗಲ್ಲ. ಪೆನ್ನಿನ ತುದಿಯಿಂದ ಮೇಲಿನ ತೂತು ಒತ್ತಿ ಎರಡು ಪಿನ್ ತುರುಕೋ ವಿದ್ಯೆ ನಮ್ಮವರಿಗೆ ಚೆನ್ನಾಗಿ ಬರುತ್ತೆ. ಅದು ಮಕ್ಕಳ ಬೆರಳಿಗೆ ಕರೆಂಟ್ ಹೊಡೀದಿರಲಿ ಅಂತ ಇಟ್ಟಿರೋ ಬಾಗಿಲು. ದಯವಿಟ್ಟು ಒಂದು ಅಡಾಪ್ಟರ್ ಒಯ್ಯಿರಿ.

ನಾನು ಮಾರನೇ ದಿನ ಅಲ್ಲೇ ಒಂದು 10000 ಎಂಎಎಚ್ ಕೊಂಡೆ. ತೂಕ 215 ಗ್ರಾಂ, ಹಿಂಬದಿಯಲ್ಲಿ 37 ವಾಟ್-ಅವರ್, ರೇಟೆಡ್ ಕೆಪಾಸಿಟಿ 6000. ಹಳೆಯದನ್ನ ಭಾವ ಇ-ತ್ಯಾಜ್ಯಕ್ಕೆ ಕೊಟ್ಟರು. ವಾಪಸ್ ಬರೋ ದಿನ ಹೊಸ ಪವರ್ ಬ್ಯಾಂಕಿನ ಚೀಲ ತೆರೆದು ನೋಡ್ತೀನಿ, ಒಳಗೆ ನಾಲ್ಕು ಮಡಿಕೆಯ ಒಂದು ಚೀಟಿ. ಅಕ್ಕನ ನಂಬರ್, ಭಾವನ ನಂಬರ್, ವಿಳಾಸ. ಅಮ್ಮ ಇನ್ನೊಂದು ಪ್ರತಿ ಬರೆದು ಇಟ್ಟಿದ್ದಳು. ಅದು ಈಗಲೂ ಅಲ್ಲೇ ಇದೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಪವರ್ ಬ್ಯಾಂಕನ್ನ ಒಂದು ಸಲ ತೂಗಿ ನೋಡಿ, ಎಷ್ಟು ಬಂತು ಅಂತ ನಮಗೆ ಬರೆದು ತಿಳಿಸಿ.